ಹಳೆಯ ಬೆಂಜ್, ಬಿಎಂಡಬ್ಲ್ಯು, ಆಡಿ: ರಿಪೇರಿ ಮಾಡಿಸೋದೋ, ಬದಲಾಯಿಸೋದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಎಂಟರಿಂದ ಹದಿನೈದು ವರ್ಷದ, ವಾರಂಟಿ ಮುಗಿದ ಜರ್ಮನ್ ಕಾರು ಇಟ್ಟುಕೊಂಡವರಿಗಾಗಿ ಈ ಉತ್ತರಗಳು. ಉದಾಹರಣೆಗಳು ಹೆಚ್ಚಾಗಿ ನಮ್ಮ ರಸ್ತೆಗಳಲ್ಲಿ ದಿನಾ ಕಾಣುವ ಎಫ್30 ಬಿಎಂಡಬ್ಲ್ಯು 3 ಸೀರೀಸ್, ಡಬ್ಲ್ಯು212 ಬೆಂಜ್ ಇ-ಕ್ಲಾಸ್, ಬಿ8 ಆಡಿ ಎ4 ಕಾರುಗಳವು (ಎಫ್30, ಡಬ್ಲ್ಯು212, ಬಿ8 ಎಂಬವು ಆ ಪೀಳಿಗೆಯ ಕಾರಿಗೆ ಕಂಪನಿ ಇಟ್ಟ ಸಂಕೇತ). ತೆರಿಗೆ, ಶುಲ್ಕಗಳನ್ನು ಬಿಟ್ಟರೆ ಉಳಿದ ರೂಪಾಯಿ ಅಂಕಿಗಳು ಲೆಕ್ಕದ ರೀತಿ ತೋರಿಸಲು ಹಿಡಿದವು. ಆ ಜಾಗದಲ್ಲಿ ನಿಮ್ಮ ಎಸ್ಟಿಮೇಟಿನ ಅಂಕಿ ಕೂರಿಸಿಕೊಳ್ಳಿ.

ಗ್ಯಾರೇಜಿನವರು ಎರಡೂವರೆ ಲಕ್ಷದ ಎಸ್ಟಿಮೇಟ್ ಕೈಗಿಟ್ಟಿದ್ದಾರೆ. ಮಾಡಿಸಲೋ, ಮಾರಿಬಿಡಲೋ?

ಆ ಒಂದು ಹಾಳೆ ನೋಡಿ ತೀರ್ಮಾನ ಮಾಡಲು ಬರುವುದಿಲ್ಲ. ಅದರ ಹಿಂದೆ ಸಾಲಾಗಿ ನಿಂತಿರುವ ಬಿಲ್ಲುಗಳನ್ನೂ ಎಣಿಸಬೇಕು. ಕಾಗದದ ಮೇಲೆ ನಾಲ್ಕು ಅಂಕಿ ಬರೆದುಕೊಳ್ಳಿ: ಕಾರು ಇದ್ದ ಸ್ಥಿತಿಯಲ್ಲೇ ಇವತ್ತು ಎಷ್ಟಕ್ಕೆ ಹೋಗುತ್ತದೆ, ಈಗಿನ ರಿಪೇರಿ ಎಷ್ಟು, ಇನ್ನು 24 ತಿಂಗಳಲ್ಲಿ ಬಂದೇ ಬರುವ ಬೇರೆ ಖರ್ಚು ಎಷ್ಟು, ಆ 24 ತಿಂಗಳು ಮುಗಿದಾಗ ಕಾರಿನ ಬೆಲೆ ಎಷ್ಟು ಉಳಿದಿರುತ್ತದೆ.

ಒಂದು 2014ರ 320ಡಿ (ಬಿಎಂಡಬ್ಲ್ಯು 3 ಸೀರೀಸ್ ಡೀಸೆಲ್) ತೆಗೆದುಕೊಳ್ಳೋಣ, 1.15 ಲಕ್ಷ ಕಿ.ಮೀ. ಓಡಿದೆ, ಗೇರ್‌ಬಾಕ್ಸ್ ಜಗ್ಗುತ್ತಿದೆ. ಇದ್ದ ಹಾಗೇ ಮಾರಿದರೆ 5 ಲಕ್ಷ. ರಿಪೇರಿ 2.5 ಲಕ್ಷ. ಎರಡು ವರ್ಷದಲ್ಲಿ ನಾಲ್ಕು ಟೈರ್, ಮುಂದಿನ ಸಸ್ಪೆನ್ಷನ್, ಬ್ಯಾಟರಿ, ಎರಡು ಸರ್ವಿಸ್ ಸೇರಿ ಇನ್ನೊಂದು 2.4 ಲಕ್ಷ. ಕೊನೆಗೆ ಕಾರಿನ ಬೆಲೆ 6 ಲಕ್ಷ ಅಂತಿಟ್ಟುಕೊಳ್ಳಿ. 5 + 2.5 + 2.4 – 6 = 3.9 ಲಕ್ಷ. ತಿಂಗಳಿಗೆ ಹದಿನಾರು ಸಾವಿರ ಚಿಲ್ಲರೆ.

ಈಗ ಇನ್ನೊಂದು ಕಡೆ. 60 ಲಕ್ಷ ಶೋರೂಮ್ ಬೆಲೆಯ ಹೊಸ ಕಾರು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಜೀವಾವಧಿ ತೆರಿಗೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಅಂದರೆ ತೆರಿಗೆಯೇ ಹತ್ತಿರ ಹತ್ತಿರ 12 ಲಕ್ಷ. ವಿಮೆ ಕಂಪನಿಗಳ ಸವಕಳಿ ಪಟ್ಟಿ ಹಿಡಿದರೂ ಎರಡು ವರ್ಷಕ್ಕೆ ಶೇ 20 ಬೆಲೆ ಕರಗುತ್ತದೆ, ಅದು ಇನ್ನೊಂದು 12 ಲಕ್ಷ. ಬಡ್ಡಿ, ವಿಮೆ ಬಿಟ್ಟೇ ತಿಂಗಳಿಗೆ ಒಂದು ಲಕ್ಷ. ಹೋಗಲಿ, 20 ಲಕ್ಷದ ಸಾಮಾನ್ಯ ಕಾರು ಅಂದರೂ ಶೇ 17 ತೆರಿಗೆ, ಸೆಸ್, ಸವಕಳಿ ಸೇರಿ ತಿಂಗಳಿಗೆ ಮೂವತ್ತೆರಡು ಸಾವಿರ ದಾಟುತ್ತದೆ.

ಹಾಗಾದರೆ ಯಾವಾಗಲೂ ರಿಪೇರಿಯೇ ಗೆಲ್ಲುತ್ತದೆಯೇ? ಇಲ್ಲ. ಮೂರನೆಯ ಅಂಕಿಯನ್ನು ಜನ ಸಾಮಾನ್ಯವಾಗಿ ಅರ್ಧಕ್ಕರ್ಧ ಕಡಿಮೆ ಬರೆಯುತ್ತಾರೆ. ಮೇಲಿನ ಕಾರಿಗೇ ಟೈಮಿಂಗ್ ಚೈನ್ (ಎಂಜಿನ್ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಸರಪಳಿ) ಸದ್ದು, ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತುಂಬಿರುವುದು, ಎಸಿ ಇವಾಪರೇಟರ್ ಸೋರಿಕೆ ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅದಕ್ಕೇ ಪರೀಕ್ಷೆ ಮೊದಲು, ತೀರ್ಮಾನ ಆಮೇಲೆ.

ಕಾರಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ರಿಪೇರಿಗೆ ಬಂದರೆ ಮಾರಿಬಿಡಿ ಅನ್ನುತ್ತಾರಲ್ಲ?

ಮಾರುತಿಗೆ ಆ ನಿಯಮ ಸರಿಹೋಗಬಹುದು. ಐಷಾರಾಮಿ ಕಾರಿನ ಬೆಲೆ ಬೀಳುವುದೇ ರಿಪೇರಿಯ ಹೆದರಿಕೆಯಿಂದ. ಬಿದ್ದ ಬೆಲೆಯನ್ನು ಅಳತೆಗೋಲು ಮಾಡಿಕೊಂಡರೆ ಹತ್ತು ವರ್ಷದ ಯಾವ ಎಸ್-ಕ್ಲಾಸೂ ರಿಪೇರಿಗೆ ಯೋಗ್ಯ ಅನ್ನಿಸುವುದಿಲ್ಲ. ಇನ್ನೊಂದು ಮಾತೂ ಅಷ್ಟೇ ನಿಜ: ಎರಡೂವರೆ ಲಕ್ಷ ಸುರಿದ ಮಾತ್ರಕ್ಕೆ ಕಾರಿನ ಬೆಲೆ ಎರಡೂವರೆ ಲಕ್ಷ ಏರುವುದಿಲ್ಲ. ಮಾಡಿಸುವುದಾದರೆ ಓಡಿಸುವುದಕ್ಕೆ ಮಾಡಿಸಿ. ಹೋದ ವರ್ಷ ಹಾಕಿದ ದುಡ್ಡಂತೂ ಈ ಲೆಕ್ಕದಲ್ಲಿ ಎಲ್ಲೂ ಬರಕೂಡದು.

ಎಷ್ಟು ಕಿಲೋಮೀಟರ್ ಆದ ಮೇಲೆ ಬದಲಾಯಿಸಬೇಕು?

ಅಂಥ ಅಂಕಿ ಇಲ್ಲ. ಹೆದ್ದಾರಿಯಲ್ಲಿ 1.8 ಲಕ್ಷ ಓಡಿ ಹೊತ್ತು ಹೊತ್ತಿಗೆ ಎಣ್ಣೆ ಕಂಡ ಡೀಸೆಲ್ ಎಂಜಿನ್, ಬೆಂಗಳೂರಿನ ಸಿಲ್ಕ್ ಬೋರ್ಡ್ ಜಾಮ್‌ನಲ್ಲೇ 60 ಸಾವಿರ ಕಳೆದದ್ದಕ್ಕಿಂತ ಆರೋಗ್ಯವಾಗಿರುತ್ತದೆ. ವರ್ಷಗಳಿಗೆ ಸವೆಯುವ ಭಾಗಗಳು ಬೇರೆ: ರಬ್ಬರ್, ಪ್ಲಾಸ್ಟಿಕ್, ಸೀಲ್, ಏರ್ ಸ್ಪ್ರಿಂಗ್. ಶೆಡ್ಡಿನಲ್ಲಿ ನಿಂತ ಕಾರಿನಲ್ಲೂ ಇವು ಹತ್ತು ವರ್ಷಕ್ಕೆ ಒಣಗುತ್ತವೆ.

ಎಸ್ಟಿಮೇಟ್ ಒಪ್ಪುವ ಮೊದಲು ಯಾವ ಪರೀಕ್ಷೆ ಮಾಡಿಸಬೇಕು?

ಎಸ್ಟಿಮೇಟ್ ಕೊಟ್ಟವರ ಬಳಿ ಬೇಡ, ಬೇರೆ ಕಡೆ, ದುಡ್ಡು ಕೊಟ್ಟು ಎರಡು ಮೂರು ಗಂಟೆ ಲೇಬರ್ ಹಿಡಿಸಿ. ಬಿಎಂಡಬ್ಲ್ಯುಗೆ ಇಸ್ಟಾ, ಬೆಂಜ್‌ಗೆ ಎಕ್ಸೆಂಟ್ರಿ, ಆಡಿಗೆ ಒಡಿಸ್ ಅಥವಾ ವಿಸಿಡಿಎಸ್ ತಂತ್ರಾಂಶ ಇರುವ ಗ್ಯಾರೇಜ್ ಆಗಿರಬೇಕು. ಕಾರಿನ ಪ್ಲಗ್ಗಿಗೆ ಚುಚ್ಚುವ ಸಾವಿರ ರೂಪಾಯಿಯ ಒಬಿಡಿ ಡಬ್ಬಿ ಎಂಜಿನ್ನಿನ ದೋಷ ಕೋಡ್ ಓದುತ್ತದೆ. ಗೇರ್‌ಬಾಕ್ಸ್, ಏರ್‌ಬ್ಯಾಗ್, ಸಸ್ಪೆನ್ಷನ್ ಒಳಗೆ ಅದಕ್ಕೆ ಪ್ರವೇಶ ಇಲ್ಲ.

ಎಲ್ಲ ಮಾಡ್ಯೂಲ್‌ಗಳ (ಕಾರಿನ ಒಂದೊಂದು ಭಾಗವನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್‌ಗಳ) ಕೋಡ್ ಮುದ್ರಿಸಿಕೊಳ್ಳಿ, ಆಮೇಲೆ ಅಳಿಸಿ, 50 ಕಿ.ಮೀ. ಓಡಿಸಿ ಮತ್ತೆ ಓದಿಸಿ. ತಿರುಗಿ ಬಂದವೇ ನಿಜವಾದ ದೋಷಗಳು. ಬ್ಯಾಟರಿ ಸೊರಗಿದಾಗ ಒಂದೇ ಬಾರಿಗೆ ಹತ್ತು ಹದಿನೈದು ಕೋಡ್ ಹುಟ್ಟುತ್ತವೆ. ಅದನ್ನೇ ತೋರಿಸಿ ಮಾಡ್ಯೂಲ್ ಬದಲಾಯಿಸಿ ಅನ್ನುವವರೂ ಇದ್ದಾರೆ.

ಡೀಸೆಲ್‌ನಲ್ಲಿ ಇಂಜೆಕ್ಟರ್ ತಿದ್ದುಪಡಿ ಅಂಕಿಗಳನ್ನು (ಪ್ರತಿ ಸಿಲಿಂಡರಿಗೆ ಕಂಪ್ಯೂಟರ್ ಎಷ್ಟು ಇಂಧನ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು) ಐಡಲ್‌ನಲ್ಲಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಬೇಕು. ಮೂರು ಸಿಲಿಂಡರ್ ಸೊನ್ನೆಯ ಆಸುಪಾಸಿನಲ್ಲಿದ್ದು ಒಂದು ಮಾತ್ರ ದೂರ ಹೋಗಿದ್ದರೆ ಆ ಇಂಜೆಕ್ಟರ್ ಅಥವಾ ಆ ಸಿಲಿಂಡರಿನ ಕಂಪ್ರೆಷನ್ ಮೇಲೆ ಅನುಮಾನ ಪಡಿ. ಕಂಪ್ರೆಷನ್ ಪರೀಕ್ಷೆಯಲ್ಲಿ ಸಿಲಿಂಡರ್‌ಗಳ ನಡುವಿನ ಅಂತರ ಶೇ 10-15 ಮೀರಿದರೆ ಎಂಜಿನ್ ಬಿಚ್ಚುವ ಮಾತು. ಡಿಪಿಎಫ್‌ನ ಬೂದಿ ಪ್ರಮಾಣ, ಒತ್ತಡ ವ್ಯತ್ಯಾಸ ಬರೆದುಕೊಳ್ಳಿ. ಕೂಲಿಂಗ್ ವ್ಯವಸ್ಥೆಗೆ ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟು ಅರ್ಧ ಗಂಟೆ ಬಿಡಿ, ಮುಳ್ಳು ಇಳಿಯಬಾರದು. ಲಿಫ್ಟ್ ಮೇಲೆ ಏರಿಸಿದಾಗ ಅಂಡರ್‌ಕವರ್ ಬಿಚ್ಚಲೇಬೇಕು, ಎಣ್ಣೆ ಸೋರಿಕೆ ಅಡಗಿ ಕೂರುವುದೇ ಅದರೊಳಗೆ.

ಕೊನೆಯದು, ಬೆಳಗಿನ ತಣ್ಣನೆ ಸ್ಟಾರ್ಟ್. ಮೆಕ್ಯಾನಿಕ್ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟರೆ ಅರ್ಧ ರೋಗ ಮುಚ್ಚಿಹೋಗುತ್ತದೆ. ನಿಮ್ಮ ಕಾರೇ ಆದರೂ ಈ ತಪ್ಪು ಮಾಡಬೇಡಿ.

ಎಂಜಿನ್ ಕೆಲಸಗಳಲ್ಲಿ ನಿಜಕ್ಕೂ ಹೆದರಬೇಕಾದದ್ದು ಯಾವುದು?

ಟೈಮಿಂಗ್ ಚೈನ್. 320ಡಿಯ ಎನ್47 ಡೀಸೆಲ್‌ನಲ್ಲಿ ಚೈನ್ ಇರುವುದು ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಕಡೆ. ಬೆಂಜ್‌ನ ಒಎಂ651 ಡೀಸೆಲ್‌ನಲ್ಲೂ ಹಾಗೇ. ಚೈನ್ ಸೆಟ್ಟಿನ ಬೆಲೆಗಿಂತ ಅಲ್ಲಿಗೆ ತಲುಪುವ ಲೇಬರ್ರೇ ಹೆಚ್ಚು: ಗೇರ್‌ಬಾಕ್ಸ್ ಇಳಿಸಬೇಕು, ಎಷ್ಟೋ ಸಲ ಎಂಜಿನ್ನನ್ನೇ ಹೊರತೆಗೆಯಬೇಕು. ಬಾನೆಟ್ಟಿನ ಹಿಂತುದಿಯಲ್ಲಿ, ಡ್ಯಾಶ್‌ಬೋರ್ಡಿಗೆ ಹತ್ತಿರ, ಉಜ್ಜಿದ ಅಥವಾ ಗಲಗಲ ಸದ್ದು ಕೇಳಿದರೆ ಓಡಿಸುವುದನ್ನು ನಿಲ್ಲಿಸಿ. ಚೈನ್ ಕಡಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಚೈನ್ ಕೆಲಸ ಇದ್ದದ್ದು ಎಂಜಿನ್ ಕೆಲಸವಾಗುತ್ತದೆ. ಹೇಗೂ ಅಷ್ಟೆಲ್ಲ ಬಿಚ್ಚಿದ ಮೇಲೆ ಗೈಡ್, ಟೆನ್ಷನರ್, ಹಿಂದಿನ ಕ್ರ್ಯಾಂಕ್ ಸೀಲ್ ಹಳೆಯದನ್ನೇ ಕೂರಿಸುವವರಿಗೆ ಕೆಲಸ ಕೊಡಬೇಡಿ.

ಪೆಟ್ರೋಲ್‌ನಲ್ಲಿ ಬಿಎಂಡಬ್ಲ್ಯು ಎನ್20 ಎಂಜಿನ್ನಿನ ಚೈನ್ ಗೈಡ್ ಪ್ಲಾಸ್ಟಿಕ್ಕಿನದು, ಒಡೆದ ಚೂರು ಆಯಿಲ್ ಪ್ಯಾನಿಗೆ ಬಿದ್ದು ಎಣ್ಣೆ ಎಳೆಯುವ ಜಾಲರಿಗೆ ಅಡ್ಡ ಕೂರುತ್ತದೆ. ಅದೇ ಎಂಜಿನ್ನಿನ ಕೂಲೆಂಟ್ ಪಂಪ್ ವಿದ್ಯುತ್ತಿನದು. ಸೋರಿ ಸೂಚನೆ ಕೊಡುವ ಹಳೆಯ ಪಂಪಿನಂತಲ್ಲ, ಮುನ್ಸೂಚನೆಯೇ ಇಲ್ಲದೆ ನಿಂತುಬಿಡುತ್ತದೆ. ಬದಲಾಯಿಸುವಾಗ ಥರ್ಮೋಸ್ಟಾಟನ್ನೂ ಜೊತೆಗೇ ಬದಲಾಯಿಸಿ. ಆಡಿಯ 1.8 ಮತ್ತು 2.0 ಟಿಎಫ್‌ಎಸ್‌ಐ ಎಂಜಿನ್‌ಗಳಲ್ಲಿ, ಅದರಲ್ಲೂ 2008-2011ರ ಸುಮಾರಿನವುಗಳಲ್ಲಿ, ಪಿಸ್ಟನ್ನಿನ ಆಯಿಲ್ ರಿಂಗ್ ಕಟ್ಟಿಕೊಂಡು ಎಣ್ಣೆ ಕುಡಿಯುವುದು ಪ್ರಸಿದ್ಧ ರೋಗ. ಸಾವಿರ ಕಿ.ಮೀ.ಗೆ ಅರ್ಧ ಲೀಟರ್‌ವರೆಗೆ ಸಹಜ ಎಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಅದನ್ನು ದಾಟಿದ್ದರೆ ಹೊಸ ಪಿಸ್ಟನ್, ರಿಂಗ್ ಬೇಕು. ದಪ್ಪ ಎಣ್ಣೆ ಹಾಕಿ ತೇಪೆ ಹಚ್ಚುವುದು ಮಾರುವ ತನಕದ ಉಪಾಯ ಅಷ್ಟೇ.

ವಾಲ್ವ್ ಕವರ್, ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಸೋರಿಕೆಗೆ ಹೆದರಿ ಕಾರು ಮಾರಬೇಡಿ. ಆದರೆ ಮುಂದೂಡಲೂ ಬೇಡಿ: ಬಿಎಂಡಬ್ಲ್ಯು ಆರು ಸಿಲಿಂಡರ್ ಪೆಟ್ರೋಲ್‌ಗಳಲ್ಲಿ ಹೌಸಿಂಗ್‌ನಿಂದ ತೊಟ್ಟಿಕ್ಕಿದ ಎಣ್ಣೆ ಬೆಲ್ಟಿನ ಮೇಲೆ ಬಿದ್ದು, ಬೆಲ್ಟ್ ಹರಿದು, ಅದರ ದಾರ ಮುಂದಿನ ಕ್ರ್ಯಾಂಕ್ ಸೀಲಿನ ಮೂಲಕ ಎಂಜಿನ್ನಿನೊಳಗೆ ಹೋದ ಪ್ರಕರಣಗಳಿವೆ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಜಗ್ಗುತ್ತಿದೆ. ಪೂರ್ತಿ ಬದಲಾಯಿಸಬೇಕೇ?

ಎಷ್ಟೋ ಸಲ ಬೇಕಾಗಿಲ್ಲ, ಯಾವ ಗೇರ್‌ಬಾಕ್ಸ್ ಎಂಬುದರ ಮೇಲೆ ಹೋಗುತ್ತದೆ.

ಎಫ್30ರ ಝಡ್‌ಎಫ್ 8ಎಚ್‌ಪಿ ಗಟ್ಟಿಮುಟ್ಟಾದ ಪೆಟ್ಟಿಗೆ. ಕಾರು ಕಂಪನಿ ಅದರ ಎಣ್ಣೆ ಜೀವಾವಧಿಯದು ಎನ್ನುತ್ತದೆ. ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ ಮಾತ್ರ 80 ಸಾವಿರದಿಂದ 1.2 ಲಕ್ಷ ಕಿ.ಮೀ. ಅಥವಾ 8 ವರ್ಷಕ್ಕೆ ಬದಲಾಯಿಸಿ ಎನ್ನುತ್ತದೆ. ಮಾಡಿದವರ ಮಾತು ಕೇಳಿ. ಫಿಲ್ಟರ್ ಪ್ಲಾಸ್ಟಿಕ್ ಪ್ಯಾನಿನೊಳಗೇ ಸೇರಿಕೊಂಡಿರುವುದರಿಂದ ಪ್ಯಾನ್ ಸಮೇತ ಹೊಸದು, ಹೊಸ ಬೋಲ್ಟ್‌ಗಳು, ಕಿಟ್‌ನಲ್ಲಿ ಬರುವ 7 ಲೀಟರ್ ಎಣ್ಣೆ. ತುಂಬುವ ರೀತಿಯಲ್ಲೇ ಹೆಚ್ಚಿನವರು ಎಡವುತ್ತಾರೆ: ಕಾರು ಸಮತಟ್ಟಾಗಿ ಮೇಲೇರಿರಬೇಕು, ಎಂಜಿನ್ ಓಡುತ್ತಿರಬೇಕು, ಗೇರ್‌ಬಾಕ್ಸ್ ಎಣ್ಣೆಯ ಉಷ್ಣತೆ ಸ್ಕ್ಯಾನರ್‌ನಲ್ಲಿ 30ರಿಂದ 50 ಡಿಗ್ರಿ ನಡುವೆ ತೋರುತ್ತಿರಬೇಕು, ತುಂಬುವ ರಂಧ್ರದಿಂದ ಎಣ್ಣೆ ತೆಳ್ಳಗೆ ಹೊರಬರುವಾಗ ಮುಚ್ಚಬೇಕು. ತಣ್ಣಗಿರುವಾಗ ಅಂದಾಜಿಗೆ ಸುರಿದರೆ ಹೊಸ ಎಣ್ಣೆಯಲ್ಲೂ ಜಗ್ಗುತ್ತದೆ. ಆಮೇಲೆ ಗೇರ್‌ಬಾಕ್ಸ್ ಸವೆತಕ್ಕೆ ತಕ್ಕಂತೆ ಕಲಿತಿಟ್ಟ ಹಳೆಯ ಹೊಂದಾಣಿಕೆ ಅಂಕಿ ಅಳಿಸಿ ಹೊಸದಾಗಿ ಕಲಿಸಬೇಕು.

ಬೆಂಜ್‌ನ ಏಳು ಗೇರಿನ 722.9ರಲ್ಲಿ ಒಂದೇ ಗೇರಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಒಳಗಿನ ಎಲೆಕ್ಟ್ರಾನಿಕ್ ಪ್ಲೇಟಿನ ವೇಗ ಸೆನ್ಸರ್ ದೋಷ. ಕ್ಲಚ್ ಪ್ಯಾಕ್ ಚೆನ್ನಾಗೇ ಇರುತ್ತದೆ. ಆ ಪ್ಲೇಟು ಕಳ್ಳತನ ತಡೆ ಪಟ್ಟಿಯಲ್ಲಿರುವ ಭಾಗ, ನಿಮ್ಮ ಕಾರಿನ ಸಂಖ್ಯೆಗೆ ಕೋಡ್ ಮಾಡದೆ ಕೆಲಸ ಮಾಡದು. ಗುಜರಿಯಿಂದ ತಂದ ಪ್ಲೇಟು ಸುಮ್ಮನೆ ಕೂರಿಸಿದರೆ ಕಾರು ಕದಲುವುದೂ ಇಲ್ಲ.

ಆಡಿಯ ಮಲ್ಟಿಟ್ರಾನಿಕ್‌ಗೆ ನಮ್ಮ ಸಲಹೆ ಕಟುವಾದದ್ದು. ಚೈನ್ ಮೇಲೆ ಓಡುವ ಆ ಸಿವಿಟಿಯನ್ನು (ಬಿಡಿ ಬಿಡಿ ಗೇರುಗಳಿಲ್ಲದ ಆಟೊಮ್ಯಾಟಿಕ್) ಕಂಪನಿ 2014ರಲ್ಲಿ ಕೈಬಿಟ್ಟಿತು. ಪ್ರತಿ 60 ಸಾವಿರ ಕಿ.ಮೀ.ಗೆ ಎಣ್ಣೆ ಬದಲಾದ ದಾಖಲೆ ಇಲ್ಲದೆ ಈಗ ಜಗ್ಗು ಶುರುವಾಗಿದ್ದರೆ, ಉಳಿದ ಕಾರು ಎಷ್ಟೇ ಚೆನ್ನಾಗಿರಲಿ, ಮಾರುವ ಕಡೆ ಯೋಚಿಸಿ. ಏಳು ಗೇರಿನ ಎಸ್ ಟ್ರಾನಿಕ್‌ಗೂ 60 ಸಾವಿರದ ಲೆಕ್ಕವೇ. ಅದರಲ್ಲಿ ಮೆಕಾಟ್ರಾನಿಕ್ (ಗೇರ್ ಬದಲಿಸುವ ನಿಯಂತ್ರಣ ಘಟಕ) ಮಾತ್ರ ಕೆಟ್ಟಿದ್ದರೆ ರಿಪೇರಿ ಸಾಧ್ಯ.

ಡಿಪಿಎಫ್ ದೀಪ ಪದೇ ಪದೇ ಬರುತ್ತದೆ. ಫಿಲ್ಟರನ್ನೇ ತೆಗೆಸಿಬಿಡಿ ಅನ್ನುತ್ತಾರೆ.

ತೆಗೆಸಬೇಡಿ. ಕಾನೂನಿಗೆ ವಿರುದ್ಧ, ಮುಂದೆ ಕಾರು ಕೊಳ್ಳುವ ತಿಳಿದವರು ಮೊದಲು ನೋಡುವುದೂ ಅದನ್ನೇ. ಫಿಲ್ಟರಿನಲ್ಲಿ ಮಸಿ ಮತ್ತು ಬೂದಿ ಬೇರೆ ಬೇರೆ. ಮಸಿ ಸುಮಾರು 600 ಡಿಗ್ರಿಯಲ್ಲಿ ಸುಟ್ಟುಹೋಗುತ್ತದೆ. ನಗರದೊಳಗೆ ಐದಾರು ಕಿ.ಮೀ. ಓಡಿ ನಿಲ್ಲಿಸಿದರೆ ಆ ಬಿಸಿ ಬರುವುದೇ ಇಲ್ಲ. ಸುಡಲೆಂದು ಹೆಚ್ಚುವರಿ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆ ಇಳಿದು ಎಂಜಿನ್ ಎಣ್ಣೆಗೆ ಸೇರುತ್ತದೆ. ಎಣ್ಣೆಯ ಮಟ್ಟ ಏರುತ್ತಿದೆಯೆಂದರೆ ಖುಷಿಪಡುವ ವಿಷಯವಲ್ಲ. ವಾರಕ್ಕೊಮ್ಮೆ ನೆಲಮಂಗಲ ದಾಟಿ ತುಮಕೂರು ಕಡೆ 20 ನಿಮಿಷ ಒಂದೇ ಸಮನೆ ಓಡಿಸಿದರೆ ಹೆಚ್ಚಿನ ಕಾರುಗಳಿಗೆ ಅಷ್ಟೇ ಔಷಧ.

ಬೂದಿ ಸುಡುವುದಿಲ್ಲ. ಅದು ಎಂಜಿನ್ ಎಣ್ಣೆಯಿಂದ ಬರುತ್ತದೆ, ಆದ್ದರಿಂದ ಕಡಿಮೆ ಬೂದಿಯ ಎಣ್ಣೆಯೇ ಬೇಕು: ಬಿಎಂಡಬ್ಲ್ಯುಗೆ ಎಲ್‌ಎಲ್-04, ಬೆಂಜ್‌ಗೆ 229.51, ಆಡಿಗೆ 507.00 ಎಂಬ ಅನುಮೋದನೆ ಡಬ್ಬದ ಮೇಲಿರಲಿ. ಬೂದಿ ಮಿತಿ ಮೀರಿದ್ದರೆ ಫಿಲ್ಟರ್ ಕಳಚಿ ಯಂತ್ರದಲ್ಲಿ ತೊಳೆಸಬಹುದು. ಅದಕ್ಕೂ ಮೊದಲು ಒತ್ತಡ ಸೆನ್ಸರ್, ಅದರ ರಬ್ಬರ್ ಪೈಪ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ವ್ಯವಸ್ಥೆ), ಥರ್ಮೋಸ್ಟಾಟ್ ನೋಡಿಸಿ. ಥರ್ಮೋಸ್ಟಾಟ್ ತೆರೆದೇ ಕೂತು ಎಂಜಿನ್ ಬಿಸಿಯಾಗದಿದ್ದರೆ ಹೊಸ ಡಿಪಿಎಫ್ಫೂ ಆರು ತಿಂಗಳಲ್ಲಿ ತುಂಬುತ್ತದೆ.

ಬಿಎಂಡಬ್ಲ್ಯು ಡೀಸೆಲ್ ಇದ್ದವರು ಇಜಿಆರ್ ಕೂಲರ್ ರೀಕಾಲ್ (ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆದು ಸರಿಪಡಿಸುವುದು) ತಮ್ಮ ಕಾರಿಗೆ ಅನ್ವಯಿಸುತ್ತದೆಯೇ ಎಂದು ಚಾಸಿಸ್ ಸಂಖ್ಯೆ ಕೊಟ್ಟು ಕೇಳಿ. ಕೂಲರ್ ಸೋರಿ ಮಸಿಯೊಂದಿಗೆ ಬೆರೆತು ಬೆಂಕಿ ಹತ್ತಿದ ಪ್ರಕರಣಗಳ ನಂತರ, 2018ರಲ್ಲಿ ದಕ್ಷಿಣ ಕೊರಿಯಾದಿಂದ ಶುರುವಾಗಿ ಹಲವು ದೇಶಗಳಲ್ಲಿ ಅದನ್ನು ಬದಲಾಯಿಸಿಕೊಟ್ಟರು.

ಬೆಳಿಗ್ಗೆ ನೋಡಿದರೆ ಕಾರು ಒಂದು ಕಡೆ ಕುಸಿದಿರುತ್ತದೆ, ಸ್ಟಾರ್ಟ್ ಮಾಡಿದರೆ ಏಳುತ್ತದೆ.

ಏರ್ ಸಸ್ಪೆನ್ಷನ್ ಸೋರುತ್ತಿದೆ. ರಾತ್ರಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಮೂಲೆಯಲ್ಲಿ ಟೇಪು ಹಿಡಿದು ಬರೆದಿಡಿ. ಬೆಳಿಗ್ಗೆ ಮತ್ತೆ ಅಳೆಯಿರಿ. ಒಂದೇ ಮೂಲೆ ಇಳಿದಿದ್ದರೆ ಆ ಸ್ಟ್ರಟ್ ಅಥವಾ ಅದರ ಪೈಪ್ ಜೋಡಣೆ. ಮುಂದೆರಡೂ ಇಲ್ಲವೇ ಹಿಂದೆರಡೂ ಇಳಿದಿದ್ದರೆ ವಾಲ್ವ್ ಬ್ಲಾಕ್ ಕೂಡ ಸಂಶಯಕ್ಕೆ ಬರುತ್ತದೆ. ಸೋಪು ನೀರು ಚಿಮುಕಿಸಿದರೆ ಗುಳ್ಳೆ ಎದ್ದ ಜಾಗ ಗೊತ್ತಾಗುತ್ತದೆ.

ಸೋರಿಕೆ ಹಾಗೇ ಬಿಟ್ಟರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಸುಟ್ಟ ಕಂಪ್ರೆಸರ್ ಮಾತ್ರ ಬದಲಾಯಿಸಿ ಸೋರಿಕೆ ಬಿಟ್ಟರೆ ಹೊಸದೂ ಸುಡುತ್ತದೆ. ರಿಲೇ ಕೂಡ ಹೊಸದು ಹಾಕಿ, ಹಳೆಯದರ ಸಂಪರ್ಕ ಅಂಟಿಕೊಂಡಿರುತ್ತದೆ. ಒಂದು ಸ್ಟ್ರಟ್ ಹೋದ ಹತ್ತು ವರ್ಷದ ಕಾರಿನಲ್ಲಿ ಜೊತೆಯದೂ ಅದೇ ವಯಸ್ಸಿನದು ಎಂಬುದನ್ನು 24 ತಿಂಗಳ ಲೆಕ್ಕದಲ್ಲಿ ಸೇರಿಸಿ.

ಹಂಪ್ ಹತ್ತಿದಾಗ ಮುಂದಿನಿಂದ ಟಕ್ ಟಕ್ ಸದ್ದು. ದೊಡ್ಡ ಖರ್ಚೇ?

ಅಲ್ಲ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್ ಇವುಗಳಲ್ಲಿ ಒಂದು. ನಮ್ಮ ಗುಂಡಿಗಳಿಗೆ ಇವೆಲ್ಲ ಸವೆಯುವ ಸಾಮಾನುಗಳೇ. ಜೋಡಿಯಾಗಿ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಒಂದೇ ಎಚ್ಚರ: ಬುಷ್ ಬೋಲ್ಟ್‌ಗಳ ಕೊನೆಯ ಬಿಗಿತ ಚಕ್ರ ನೆಲದ ಮೇಲೆ ಭಾರ ಹೊತ್ತಿರುವಾಗ ಆಗಬೇಕು. ಚಕ್ರ ನೇತಾಡುವಾಗಲೇ ಬಿಗಿದರೆ ಕಾರು ಇಳಿದ ತಕ್ಷಣ ರಬ್ಬರ್ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಆರ್ಮ್ ಬೇಗ ಹೋಯಿತು, ಡೂಪ್ಲಿಕೇಟ್ ಕೊಟ್ಟರು ಎಂಬ ದೂರುಗಳಲ್ಲಿ ಎಷ್ಟೋ ಈ ತಪ್ಪಿನಿಂದಲೇ ಹುಟ್ಟಿದವು.

ಮಳೆ ನೀರು ಒಳಗೆ ಬಂದಿದೆ. ಇನ್ನೂ ಇಟ್ಟುಕೊಳ್ಳಬಹುದೇ?

ಎಲ್ಲಿಂದ, ಎಷ್ಟು ಎತ್ತರಕ್ಕೆ ಬಂತು ಎನ್ನುವುದು ಮುಖ್ಯ. ಸನ್‌ರೂಫಿನ ಮೂಲೆಗಳಿಂದ ಇಳಿಯುವ ಕೊಳವೆ ಎಲೆ, ಮಣ್ಣಿನಿಂದ ಕಟ್ಟಿಕೊಂಡು ಕಾಲಿನ ಬಳಿ ಒದ್ದೆಯಾಗಿದ್ದರೆ ಚಿಕ್ಕ ಕೆಲಸ. ತೆಳ್ಳನೆಯ ನೈಲಾನ್ ದಾರ ಹಾಯಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಒಳಗೆ ಕೊಳವೆ ಕಳಚಿಕೊಂಡು ಇನ್ನೂ ಕೆಡುತ್ತದೆ. ಕಾರ್ಪೆಟ್ ಮೇಲೆ ಒಣಗಿದ್ದರೆ ಸಾಲದು, ಅದರ ಕೆಳಗಿನ ದಪ್ಪ ಸ್ಪಂಜನ್ನು ಎತ್ತಿ ಒಣಗಿಸಬೇಕು.

ರಸ್ತೆಯ ನೀರು ಸೀಟಿನ ಮಟ್ಟಕ್ಕೆ ಬಂದಿದ್ದರೆ ಮಾತೇ ಬೇರೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಇಂಥ ಕಾರುಗಳ ಸಾಲೇ ನಿಂತಿತ್ತು. ಈ ಕಾರುಗಳಲ್ಲಿ ನಿಯಂತ್ರಣ ಮಾಡ್ಯೂಲ್‌ಗಳು ಸೀಟಿನ ಕೆಳಗೆ, ಕಾರ್ಪೆಟ್ ಕೆಳಗೆ, ಬೂಟಿನ ಪಕ್ಕದ ಗುಳಿಯಲ್ಲಿ ಕೂತಿರುತ್ತವೆ. ತೊಳೆದು ಒಣಗಿಸಿದ ಮೇಲೆ ಕಾರು ಓಡುತ್ತದೆ, ಮೂರು ನಾಲ್ಕು ತಿಂಗಳಾದ ಮೇಲೆ ಕನೆಕ್ಟರ್‌ಗಳಲ್ಲಿ ಹಸಿರು ಕಿಲುಬು ಹತ್ತಿ ಒಂದೊಂದೇ ಕೈಕೊಡುತ್ತವೆ. ಇದೊಂದು ಕಡೆ ನಮ್ಮ ಉತ್ತರ ಸ್ಪಷ್ಟ: ವಿಮೆ ಹಣ ತೆಗೆದುಕೊಂಡು ಕಾರು ಬಿಡಿ. ನಿಂತ ನೀರಿನಲ್ಲಿ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ವಿಮೆಯವರು ಅದನ್ನು ನಿಮ್ಮ ತಪ್ಪೆಂದು ಹೇಳಲು ಕಾದಿರುತ್ತಾರೆ.

ಕಾರು ಮಂಗಳೂರು, ಉಡುಪಿ ಕಡೆ ಇದೆ. ಬೇರೆ ಏನಾದರೂ ನೋಡಬೇಕೇ?

ತುಕ್ಕು. ಎಂಜಿನ್, ಗೇರ್‌ಬಾಕ್ಸ್ ಎರಡಕ್ಕೂ ಬದಲಿ ಸಿಗುತ್ತದೆ, ತಿಂದುಹೋದ ಬಾಡಿಗೆ ಸಿಗದು. ಹಿಂದಿನ ಸಬ್‌ಫ್ರೇಮ್, ಬ್ರೇಕ್ ಪೈಪ್, ಸ್ಪ್ರಿಂಗ್ ಕೂರುವ ತಟ್ಟೆ, ಜ್ಯಾಕ್ ಇಡುವ ಜಾಗ, ಎಸಿ ಕಂಡೆನ್ಸರ್ ಇವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿಸಿ. ಮೇಲ್ಪದರದ ತುಕ್ಕು ಉಜ್ಜಿ ಬಳಿಯಬಹುದು. ಸಬ್‌ಫ್ರೇಮ್ ಕೂರುವ ಬಾಡಿಯ ಜಾಗದಲ್ಲೇ ತೂತು ಬಿದ್ದಿದ್ದರೆ ದುಡ್ಡು ಹಾಕುವುದನ್ನು ಅಲ್ಲಿಗೇ ನಿಲ್ಲಿಸಿ. ಬಿಸಿ ಮತ್ತು ತೇವದಲ್ಲಿ ಟಕಾಟಾ ಕಂಪನಿಯ ಹಳೆಯ ಏರ್‌ಬ್ಯಾಗ್‌ಗಳ ರಾಸಾಯನಿಕ ಕೆಡುತ್ತದೆ. ಕರಾವಳಿಯವರು ಆ ರೀಕಾಲ್ ಕೂಡ ಕೇಳಿ ತಿಳಿಯಿರಿ.

ಶೋರೂಮ್ ಪಾರ್ಟ್ಸೇ ಬೇಕೇ? ಜೆ.ಸಿ. ರಸ್ತೆಯಲ್ಲಿ ಅರ್ಧ ಬೆಲೆಗೆ ಸಿಗುತ್ತದಲ್ಲ?

ಕಾರು ಕಂಪನಿ ತಾನೇ ಮಾಡುವ ಬಿಡಿಭಾಗ ಕಡಿಮೆ. ಸಸ್ಪೆನ್ಷನ್ ಆರ್ಮ್ ಲೆಮ್‌ಫೋರ್ಡರ್, ಶಾಕ್ ಅಬ್ಸಾರ್ಬರ್ ಸ್ಯಾಕ್ಸ್ ಅಥವಾ ಬಿಲ್‌ಸ್ಟೈನ್, ಫಿಲ್ಟರ್ ಮಾನ್ ಅಥವಾ ಮಾಲೆ, ಇಂಜೆಕ್ಟರ್ ಬಾಷ್ ಎಂಬಂತೆ ಹೊರಗಿನಿಂದ ಬರುತ್ತವೆ. ಅದೇ ತಯಾರಕರ ಡಬ್ಬದಲ್ಲಿ ಕೊಂಡರೆ ಗುಣ ಅದೇ, ಬೆಲೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 18. ಹಳೆಯ ಶೇ 28ರ ಎಸ್ಟಿಮೇಟ್ ಇಟ್ಟುಕೊಂಡಿದ್ದರೆ ಹೊಸದು ಬರೆಸಿ.

ಚಾಸಿಸ್ ಸಂಖ್ಯೆ ಕೊಟ್ಟು ಪಾರ್ಟ್ ನಂಬರ್ ತೆಗೆಸಿಯೇ ಅಂಗಡಿಗೆ ಹೋಗಿ. 2013ರ 320ಡಿ ಅಂದರೆ ಸಾಲದು, ಅದೇ ವರ್ಷದಲ್ಲಿ ಎರಡು ಬಗೆಯ ಬ್ರೇಕ್ ಇರಬಹುದು. ಶಿವಾಜಿನಗರದ ಗುಜರಿಯಲ್ಲಿ ಬಾಗಿಲು, ಕನ್ನಡಿ, ಸೀಟು, ಟ್ರಿಮ್ ಧಾರಾಳವಾಗಿ ಕೊಳ್ಳಿ. ಏರ್‌ಬ್ಯಾಗ್, ಬ್ರೇಕ್, ರಬ್ಬರ್, ಟರ್ಬೊ ಹಳೆಯದು ಬೇಡ. ಹಳೆಯ ಎಂಜಿನ್ ಕೂರಿಸುವುದಾದರೆ ಬಿಲ್, ಮೂಲ ಕಾರಿನ ಕಾಗದ ಪಡೆದು ಆರ್‌ಟಿಒದಲ್ಲಿ ಆರ್‌ಸಿಯ ಎಂಜಿನ್ ಸಂಖ್ಯೆ ತಿದ್ದಿಸಲೇಬೇಕು. ಇಲ್ಲದಿದ್ದರೆ ಕ್ಲೇಮೂ ಇಲ್ಲ, ಮಾರಾಟವೂ ಇಲ್ಲ.

15 ವರ್ಷ ತುಂಬುತ್ತಿದೆ. ಕಾರು ಗುಜರಿಗೆ ಹಾಕಲೇಬೇಕೇ?

ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಅಂಥ ನಿಷೇಧ ಇಲ್ಲ. ಫಾರಂ 25ರಲ್ಲಿ ಅರ್ಜಿ ಹಾಕಿ, ಫಿಟ್‌ನೆಸ್ ಪಾಸಾದರೆ ನೋಂದಣಿ ಐದೈದು ವರ್ಷಕ್ಕೆ ಮುಂದುವರಿಯುತ್ತದೆ. ನವೀಕರಣ ಶುಲ್ಕ 5,000 ರೂಪಾಯಿ, 20 ವರ್ಷ ದಾಟಿದ್ದಕ್ಕೆ 2025ರಿಂದ 10,000. ಪೂರ್ತಿ ಆಮದಾದ ಕಾರಿಗೆ 40,000, 20 ವರ್ಷ ದಾಟಿದರೆ 80,000. ಚೆನ್ನೈ, ಚಾಕಣ್, ಔರಂಗಾಬಾದಿನಲ್ಲಿ ಜೋಡಿಸಿದ ಕಾರೋ, ಆಮದಾದದ್ದೋ ಎಂದು ಆರ್‌ಸಿಯಲ್ಲಿ ನೋಡಿಕೊಳ್ಳಿ.

ವಿಮೆ ಈ ತೀರ್ಮಾನದಲ್ಲಿ ಎಲ್ಲಿ ಬರುತ್ತದೆ?

ಅಪಘಾತವಾದಾಗ. ಐದು ವರ್ಷ ದಾಟಿದ ಕಾರಿನ ಐಡಿವಿ (ವಿಮೆಯ ಲೆಕ್ಕಕ್ಕೆ ಹಿಡಿದ ಕಾರಿನ ಬೆಲೆ) ನಿಮ್ಮ ಮತ್ತು ಕಂಪನಿಯ ಒಪ್ಪಂದದಂತೆ. ಪ್ರೀಮಿಯಂ ಉಳಿಸಲು ಅದನ್ನು ತೀರಾ ಇಳಿಸಬೇಡಿ. ರಿಪೇರಿ ಐಡಿವಿಯ ಶೇ 75 ದಾಟಿದರೆ ಕಾರು ಪೂರ್ತಿ ನಷ್ಟವೆಂದು ಲೆಕ್ಕ, ಕಡಿಮೆ ಐಡಿವಿಯ ಕಾರು ಬಂಪರ್, ಎರಡು ಹೆಡ್‌ಲೈಟ್, ಏರ್‌ಬ್ಯಾಗಿಗೇ ಆ ಗೆರೆ ದಾಟುತ್ತದೆ. ಝೀರೊ ಡೆಪ್ (ಸವಕಳಿ ಕಡಿತ ಮಾಡದ ಹೆಚ್ಚುವರಿ ವಿಮೆ) ಇಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್ ಬೆಲೆಯಲ್ಲಿ ಅರ್ಧ ನಿಮ್ಮದು. ಲೋಹದ ಭಾಗಕ್ಕೆ 5ರಿಂದ 10 ವರ್ಷದ ಕಾರಿನಲ್ಲಿ ಶೇ 40, ಹತ್ತು ದಾಟಿದರೆ ಶೇ 50 ಕಡಿತ.

ಇದನ್ನು ಮಾರಿ ಅದೇ ದುಡ್ಡಿಗೆ ದೆಹಲಿಯ ಕಡಿಮೆ ಓಡಿದ ಕಾರು ತರಬಹುದಲ್ಲ?

ಹನ್ನೊಂದು ವರ್ಷದ ಕಾರು ಕೊಟ್ಟು ಎಂಟು ವರ್ಷದ್ದು ತರುವುದು ಎಲ್ಲಕ್ಕಿಂತ ಕೆಟ್ಟ ವ್ಯಾಪಾರ. ನಿಮ್ಮ ಕಾರಿನ ರೋಗ ನಿಮಗೆ ಗೊತ್ತು, ಅದರದ್ದು ಗೊತ್ತಿಲ್ಲ. ದೆಹಲಿಯಲ್ಲಿ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಬೆಲೆ ಬಿತ್ತು. 2025ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿತು. ಇಲ್ಲಿಗೆ ತಂದರೆ ಎನ್‌ಒಸಿ, ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ, 12 ತಿಂಗಳೊಳಗೆ ಮರುನೋಂದಣಿ. ಇವನ್ನೆಲ್ಲ ಕೂಡಿಸಿ ನೋಡಿ, ಅಗ್ಗ ಎಷ್ಟು ಉಳಿಯುತ್ತದೆಯೋ. ಮೀಟರ್ ತಿರುಗಿಸಿದ್ದು ಡ್ಯಾಶ್‌ಬೋರ್ಡಿನಲ್ಲಿ ಕಾಣುವುದಿಲ್ಲ, ಬಿಎಂಡಬ್ಲ್ಯುನಲ್ಲಿ ಕೀಲಿಯ ಒಳಗೂ ಓಟದ ಅಂಕಿ ಉಳಿದಿರುತ್ತದೆ, ಓದಿಸಿ.

ಬದಲಾಯಿಸಲೇಬೇಕು ಅಂದರೆ ಮೂರು ನಾಲ್ಕು ವರ್ಷದ, ಕಂಪನಿಯ ವಾರಂಟಿ ಇನ್ನೂ ಇರುವ ಅಥವಾ ಹೆಚ್ಚಿಸಿಕೊಳ್ಳಲು ಬರುವ ಕಾರಿಗೆ ಹೋಗಿ. ಮೊದಲ ದೊಡ್ಡ ಸವಕಳಿಯನ್ನು ಇನ್ನೊಬ್ಬರು ಹೊತ್ತಿರುತ್ತಾರೆ.

ಮಾರುವುದೇ ಸರಿ ಅಂತಾಯಿತು. ರಿಪೇರಿ ಮಾಡಿಸಿ ಮಾರಲೋ, ಹಾಗೇನೋ?

ದೊಡ್ಡ ಕೆಲಸ ಮಾಡಿಸಬೇಡಿ, ಪರೀಕ್ಷೆಯ ಮುದ್ರಿತ ಹಾಳೆಯನ್ನೇ ಕೊಳ್ಳುವವರ ಕೈಗೆ ಕೊಡಿ. ಏನು ಕೆಟ್ಟಿದೆ ಎಂದು ಗೊತ್ತಿರುವ ಕಾರಿಗೆ ಸಿಗುವ ಬೆಲೆ, ಏನೋ ಸದ್ದು ಅನ್ನುವ ಕಾರಿಗೆ ಸಿಗುವುದಿಲ್ಲ. ಬ್ಯಾಟರಿ, ಎಸಿ ಗ್ಯಾಸ್, ಟೈರ್ ಪ್ರೆಷರ್ ದೀಪದಂಥ ಕಣ್ಣಿಗೆ ಬೀಳುವ ಸಣ್ಣ ದೋಷ ಮಾತ್ರ ತೆಗೆಸಿ. ಫಾರಂ 29, 30 ಸಹಿಯಾಗಿ ಆರ್‌ಸಿ ವರ್ಗಾವಣೆ ಆಗುವವರೆಗೆ ಕಾರು ಕಾನೂನಿನ ಕಣ್ಣಿನಲ್ಲಿ ನಿಮ್ಮದೇ. ಫಾಸ್ಟ್‌ಟ್ಯಾಗ್ ಮುಚ್ಚಿ, ಸ್ಕ್ರೀನಿನಿಂದ ಫೋನ್ ಖಾತೆ ಅಳಿಸಿ.

ಇಟ್ಟುಕೊಳ್ಳುತ್ತೇವೆ. ಕೆಲಸಗಳನ್ನು ಯಾವ ಕ್ರಮದಲ್ಲಿ ಮಾಡಿಸೋಣ?

ಮೊದಲು ಪ್ರಾಣಕ್ಕೆ ಸಂಬಂಧಿಸಿದವು: ಬ್ರೇಕ್ ಪೈಪ್, ಎರಡು ವರ್ಷ ದಾಟಿದ ಬ್ರೇಕ್ ಫ್ಲೂಯಿಡ್, ಬಾಲ್ ಜಾಯಿಂಟ್, ಟೈರ್. ಟೈರಿನ ಗೋಡೆಯ ಕೊನೆಯ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರದ್ದು, ಗೆರೆ ಎಷ್ಟಿದ್ದರೂ ತೆಗೆಯಿರಿ. ಎರಡನೆಯದು ಎಂಜಿನ್ನನ್ನು ಕೊಲ್ಲಬಲ್ಲವು: ಕೂಲೆಂಟ್ ಪಂಪ್, ಪ್ಲಾಸ್ಟಿಕ್ ಪೈಪ್, ಚೈನ್, ಬೆಲ್ಟಿನ ಮೇಲಿನ ಸೋರಿಕೆ. ಕೂಲೆಂಟಿಗೆ ಬೋರ್‌ವೆಲ್ ನೀರು ಸುರಿದಿದ್ದರೆ ಪೂರ್ತಿ ತೊಳೆಸಿ, ಕಂಪನಿ ಹೇಳಿದ ಬಗೆಯನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ತುಂಬಿಸಿ. ಮೂರನೆಯದು ಗೇರ್‌ಬಾಕ್ಸ್ ಎಣ್ಣೆ. ಆಮೇಲೆ ಸಸ್ಪೆನ್ಷನ್, ಎಂಜಿನ್ ಮೌಂಟಿಂಗ್. ಎಸಿ, ಸ್ಕ್ರೀನು, ಸೀಟಿನ ಮಸಾಜು ಎಲ್ಲ ಕೊನೆಗೆ. ಎಂಜಿನ್ ಎಣ್ಣೆಯನ್ನಂತೂ ಡ್ಯಾಶ್‌ಬೋರ್ಡ್ ಕೇಳುವವರೆಗೆ ಕಾಯದೆ 10,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ ಬದಲಾಯಿಸಿ.

ಬ್ಯಾಟರಿ ಬದಲಾಯಿಸುವ ದಿನ ಬಂದರೆ ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಎಜಿಎಂ ಬಗೆಯದೇ, ಹಳೆಯದರಷ್ಟೇ ಆಂಪಿಯರ್ ಗಂಟೆಯದೇ ಹಾಕಿಸಿ. ಬಿಎಂಡಬ್ಲ್ಯುನಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರ್‌ನಿಂದ ನೋಂದಾಯಿಸಬೇಕು, ಇಲ್ಲದಿದ್ದರೆ ಕಾರು ಹಳೆಯ ಬ್ಯಾಟರಿಯೇ ಇದೆ ಎಂದುಕೊಂಡು ಚಾರ್ಜ್ ಮಾಡುತ್ತಲೇ ಹೋಗುತ್ತದೆ. ಹೊಸ ಬ್ಯಾಟರಿಯೂ ಎರಡು ದಿನಕ್ಕೆ ಇಳಿದರೆ ಕಾರು ಲಾಕ್ ಮಾಡಿ ಒಂದು ಗಂಟೆ ಬಿಟ್ಟು ಕರೆಂಟ್ ಅಳೆಸಿ. 50 ಮಿಲಿ ಆಂಪಿಯರ್ ಮೀರಿದ್ದರೆ ಯಾವುದೋ ಮಾಡ್ಯೂಲ್ ನಿದ್ದೆ ಹೋಗುತ್ತಿಲ್ಲ. ಫ್ಯೂಸ್ ಒಂದೊಂದೇ ತೆಗೆದು, ಅಂಕಿ ಬಿದ್ದ ಕಡೆ ಹುಡುಕಬೇಕು.